ಗುಮ್ಮಟವನ್ನು ಕಾಯ್ದವರೂ ಅದರ ಕಥೆಯನ್ನು ಬರೆದವರೂ

ಚಳಿಗಾಲ ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಶಾಲೆಗಳಿಂದ ಪ್ರವಾಸದ ಬಸ್ಸುಗಳು ವಿಜಯಪುರದ ಕಡೆಗೆ ಹೊರಡುತ್ತವೆ. ಮಕ್ಕಳು ಗೋಲಗುಮ್ಮಟದ ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಮೇಲಿನ ಪಡಸಾಲೆಯಲ್ಲಿ ನಿಂತು ಕೂಗುತ್ತಾರೆ. ಕೂಗಿದ ಹೆಸರು ಮತ್ತೆ ಮತ್ತೆ ಮರಳಿ ಬರುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್ ಕೆಳಗೆ ಮಲಗಿದ್ದಾನೆ ಎಂದು ಶಿಕ್ಷಕರು ಹೇಳುತ್ತಾರೆ. ಊಟ ಮುಗಿಸಿ ಬಸ್ಸು ಮರಳುತ್ತದೆ. ಹೊರಗೆ ನಿಂತಿರುವ ಪುರಾತತ್ತ್ವ ಇಲಾಖೆಯ ಫಲಕವನ್ನು ಓದಿದ ಮಕ್ಕಳು ಎಷ್ಟು ಮಂದಿ? ಈ ಕಟ್ಟಡವು ಸಂರಕ್ಷಿತ ಸ್ಮಾರಕವೆಂದು ಆ ಫಲಕ ಹೇಳುತ್ತದೆ. ಯಾರು ಸಂರಕ್ಷಿಸಿದರು, ಯಾವಾಗಿನಿಂದ, ಏತಕ್ಕಾಗಿ ಎಂಬ ಪ್ರಶ್ನೆಗಳನ್ನು ಮಕ್ಕಳೂ ಕೇಳುವುದಿಲ್ಲ, ನಾವೂ ಕೇಳಿಲ್ಲ.

ಈ ವಾರ ಆ ಪ್ರಶ್ನೆಗಳನ್ನು ಎತ್ತಿಕೊಳ್ಳಲು ಕಾರಣವಿದೆ. ನೂರಿಪ್ಪತ್ತು ವರ್ಷಗಳ ಹಿಂದೆ ಪರದೇಶದ ಸರಕಾರವೊಂದು ತಯಾರಿಸಲು ತೊಡಗಿದ ಪಟ್ಟಿಗಳು ಇಂದಿಗೂ ನಮ್ಮ ಮಸೀದಿ, ದರ್ಗಾ, ಕಬರಸ್ತಾನಗಳ ಭವಿಷ್ಯವನ್ನು ತೀರ್ಮಾನಿಸುತ್ತಿವೆ. ಪಟ್ಟಿ ಹುಟ್ಟಿದ ಬಗೆಯನ್ನು ಅರಿಯದವನು ಅದರ ಮುಂದೆ ನಿಂತು ವಾದಿಸಲಾರ.

ಮೊದಲು ಇತಿಹಾಸ. ನಮ್ಮ ಹಿರಿಯರಿಗೆ ಕಂಪನಿ ಸರಕಾರದ ಪರಿಚಯವಾದದ್ದು ಕಲೆಯ ರಕ್ಷಕನಾಗಿ ಅಲ್ಲ, ವಾರಸುದಾರಿಕೆಯನ್ನು ಪ್ರಶ್ನಿಸುವ ಸಾಹುಕಾರನಾಗಿ. 1839ರಲ್ಲಿ ನಿಪ್ಪಾಣಿಯ ದೇಸಾಯಿ ತೀರಿಕೊಂಡಾಗ ವಾರಸುದಾರನಿಲ್ಲವೆಂದು ಜಹಗೀರು ಕಂಪನಿಯ ಪಾಲಾಯಿತು. 1848ರಲ್ಲಿ ಸಾತಾರಾದ ರಾಜ ತೀರಿಕೊಂಡಾಗ ದತ್ತು ಪುತ್ರನನ್ನು ಒಪ್ಪದ ಡಾಲ್‌ಹೌಸಿ ಆ ಸಂಸ್ಥಾನವನ್ನೂ ನುಂಗಿದನು. 1818ರಿಂದ ಸಾತಾರಾದ ಅಧೀನದಲ್ಲಿದ್ದ ಬಿಜಾಪುರವು ಹೀಗೆ ಇಂಗ್ಲಿಷರ ಕೈಗೆ ಬಂದಿತು. ಪಾಳು ಬಿದ್ದಿದ್ದರೂ ಅದಿನ್ನೂ ಭವ್ಯವಾದ ನಗರವಾಗಿತ್ತು.

ಕೈಗೆ ಬಂದುದನ್ನು ಅವರು ಹೇಗೆ ನೋಡಿಕೊಂಡರು? 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಕರ್ಮಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ನಮ್ಮ ಓದುಗರಲ್ಲಿ ವಿರಳ. ಅದನ್ನು ವಿಜಯದ ಗುರುತಾಗಿ ಇಂಗ್ಲೆಂಡಿಗೆ ಸಾಗಿಸಬೇಕೆಂದು 1823ರಲ್ಲೇ ಯೋಚಿಸಲಾಗಿತ್ತು. ಆ ಭಾರವನ್ನು ಹೊರುವ ರಸ್ತೆ ಇರಲಿಲ್ಲವಾದ್ದರಿಂದ ತೋಪು ಉಳಿಯಿತು. 1854ರಲ್ಲಿ ಉಪಯೋಗಕ್ಕೆ ಬಾರದ ಸರಕಾರಿ ಸಾಮಾನುಗಳ ಜೊತೆಗೆ ಅದನ್ನೂ ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ! ಸ್ಥಳೀಯ ಅಧಿಕಾರಿ ಮೇಲಿನವರಿಗೆ ವರದಿ ಮಾಡಿದ ಬಳಿಕ ಹರಾಜು ರದ್ದಾಯಿತು.

ಕಂಚಿನ ತೋಪಿಗಿದ್ದ ಅದೃಷ್ಟ ಗ್ರಂಥಗಳಿಗೆ ಇರಲಿಲ್ಲ. ಆಸಾರ್ ಮಹಲಿನಲ್ಲಿ ಆದಿಲ್ ಶಾಹಿ ಗ್ರಂಥಾಲಯದ ಉಳಿಕೆಯಾಗಿ ನೂರಾರು ಹಸ್ತಪ್ರತಿಗಳಿದ್ದವು. 1853ರಲ್ಲಿ ಅವು ಲಂಡನ್ನಿಗೆ ಹೋದವು. 1877ರಲ್ಲಿ ಆಟೋ ಲೋಟ್ ಎಂಬ ವಿದ್ವಾಂಸನು ಅಲ್ಲಿನ ಅರಬಿ ಹಸ್ತಪ್ರತಿಗಳ ವಿವರವಾದ ಸೂಚಿಯನ್ನು ಪ್ರಕಟಿಸಿದನು. ಗ್ರಂಥಗಳು ಅಲ್ಲಿ ಹುಳ ತಿನ್ನದೆ ಉಳಿದವು ಎಂಬುದು ನಿಜ. ಆದರೆ ಬಿಜಾಪುರದ ಮದ್ರಸಾದಲ್ಲಿ ಓದುವ ಹುಡುಗನು ತನ್ನ ಊರಿನ ಗ್ರಂಥವನ್ನು ನೋಡಬೇಕಾದರೆ ಇಂದಿಗೂ ಸಮುದ್ರ ದಾಟಬೇಕು ಎಂಬುದೂ ಅಷ್ಟೇ ನಿಜ.

ಇನ್ನು ಕಟ್ಟಡಗಳು. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಬಿಜಾಪುರಕ್ಕೆ ಬದಲಿಸಿದಾಗ ಸರಕಾರಕ್ಕೆ ಸಿದ್ಧ ಗೋಡೆಗಳು ದೊರೆತವು. ಹಳೆಯ ಅರಮನೆಗಳು ಕಚೇರಿಗಳಾದವು, ಸಾಹೇಬರ ವಸತಿಗಳಾದವು. ಬುಖಾರಾ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. ಮತ್ತೊಂದು ಮಸೀದಿ ಪ್ರಯಾಣಿಕರ ಬಂಗಲೆಯಾಯಿತು. ಸಜ್ದಾ ಮಾಡಿದ ನೆಲದ ಮೇಲೆ ಬೂಟುಗಳು ಓಡಾಡಿದವು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಬಿಜಾಪುರವನ್ನು ಹಾಳುಗೆಡವಿದವರು ಇಂಗ್ಲಿಷರು ಮಾತ್ರವೇ ಅಲ್ಲ. 1686ರಲ್ಲಿ ಮುತ್ತಿಗೆ ಹಾಕಿ ಆದಿಲ್ ಶಾಹಿಯನ್ನು ಕೊನೆಗಾಣಿಸಿದವನು ಔರಂಗಜೇಬ್. ಮುಂದೆ ಸಾತಾರಾದ ಆಡಳಿತದಲ್ಲಿ ಅರಮನೆಗಳ ತೊಲೆ ಬಾಗಿಲುಗಳನ್ನು ಕಿತ್ತೊಯ್ದರು. ಅನಾಥವಾದ ಗೋರಿಗಳಲ್ಲಿ ಜನರು ಸಂಸಾರ ಹೂಡಿದರು, ದನ ಕಟ್ಟಿದರು. ಪರರ ತಪ್ಪನ್ನು ಎಣಿಸುವ ನಾಲಗೆ ನಮ್ಮ ತಪ್ಪನ್ನು ಎಣಿಸುವಾಗ ತೊದಲಬಾರದು.

ಹಾಗಿದ್ದರೆ ಇಂಗ್ಲಿಷರ ಕಾರ್ಯದಲ್ಲಿ ವಿಶೇಷವೇನಿತ್ತು? ಕೆಡವುವುದನ್ನು ಎಲ್ಲ ಅರಸರೂ ಬಲ್ಲವರಾಗಿದ್ದರು. ಉಳಿಸುವುದನ್ನೂ ಆಳ್ವಿಕೆಯ ಉಪಕರಣವನ್ನಾಗಿ ಮಾಡಬಹುದೆಂದು ಇಂಗ್ಲಿಷರು ಕಂಡುಕೊಂಡರು.

ಶ್ರೀರಂಗಪಟ್ಟಣವನ್ನು ನೋಡಿರಿ. 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಬಳಿಕ ಅವರ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಮರದ ಹುಲಿಯ ಯಂತ್ರವನ್ನು ಲಂಡನ್ನಿಗೆ ಒಯ್ದು ಜನರ ವಿನೋದಕ್ಕಾಗಿ ಪ್ರದರ್ಶಿಸಿದರು. ಆದರೆ ಐವತ್ತಾರು ವರ್ಷಗಳ ತರುವಾಯ, 1855ರ ಸುಮಾರಿಗೆ, ಸಾತಾರಾವನ್ನು ನುಂಗಿದ ಅದೇ ಡಾಲ್‌ಹೌಸಿ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳನ್ನು ದುರಸ್ತಿ ಮಾಡಿಸಿದನು. ಟಿಪ್ಪುವಿನ ಗೋರಿಗೆ ದಂತದ ಕೆತ್ತನೆಯ ಬಾಗಿಲುಗಳನ್ನೂ ಕೊಟ್ಟನು. ಆ ಭಿತ್ತಿಚಿತ್ರಗಳಲ್ಲಿ ಮುಖ್ಯವಾದುದು 1780ರ ಪೊಳ್ಳಿಲೂರು ಕಾಳಗ, ಅಂದರೆ ಇಂಗ್ಲಿಷರದೇ ಸೋಲು! ತಮ್ಮ ಸೋಲಿನ ಚಿತ್ರವನ್ನು ತಾವೇ ಬಣ್ಣ ಬಳಿದು ಉಳಿಸಿದರೆಂದರೆ ಅದೆಂಥ ಔದಾರ್ಯ ಎಂದು ತೋರಬಹುದು. ಆದರೆ ಆ ಅರಮನೆ ಟಿಪ್ಪುವಿನ ಪತನಾನಂತರ ಆರ್ಥರ್ ವೆಲ್ಲೆಸ್ಲಿಯ ನಿವಾಸವಾಗಿತ್ತು ಎಂಬುದನ್ನು ನೆನೆಯಬೇಕು. ಗೆದ್ದವನ ನೆನಪಿಗಾಗಿ ಸೋತವನ ಅರಮನೆ ಉಳಿಯಿತು. ಸಿಂಹಕ್ಕೆ ಹಲ್ಲಿಲ್ಲವೆಂದು ಖಚಿತವಾದ ಮೇಲೆ ಅದರ ಚಿತ್ರವನ್ನು ಗೋಡೆಗೆ ತೂಗುಹಾಕಲು ಯಾರಿಗೂ ಭಯವಿರುವುದಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. 1842ರಲ್ಲಿ ಕಾಬೂಲಿನಲ್ಲಿ ಪೆಟ್ಟು ತಿಂದ ಕಂಪನಿಯ ಸೇನೆ ಮರಳುವಾಗ ಗಜನಿಯ ಮಹಮೂದನ ಗೋರಿಯ ಬಾಗಿಲುಗಳನ್ನು ಕಿತ್ತು ತಂದಿತು. ಇವು ಸೋಮನಾಥ ದೇವಾಲಯದ ಬಾಗಿಲುಗಳೆಂದೂ ಎಂಟುನೂರು ವರ್ಷಗಳ ಅಪಮಾನಕ್ಕೆ ತಾನು ಸೇಡು ತೀರಿಸಿದೆನೆಂದೂ ಗವರ್ನರ್ ಜನರಲ್ ಎಲೆನ್‌ಬರೋ ಸಾರಿದನು. ಪರೀಕ್ಷಿಸಿ ನೋಡಿದಾಗ ಅದು ಗುಜರಾತಿನ ಶ್ರೀಗಂಧವಲ್ಲ, ದೇವದಾರು ಎಂದು ತಿಳಿಯಿತು. ಮೇಲೆ ಅರಬಿ ಬರಹವಿತ್ತು. ಇಂಗ್ಲೆಂಡಿನ ಸಂಸತ್ತಿನಲ್ಲೇ ಮೆಕಾಲೆ ಈ ಸಾರಿಕೆಯನ್ನು ಖಂಡಿಸಿದನು. ಬಾಗಿಲುಗಳು ಸೋಮನಾಥಕ್ಕೆ ಹೋಗಲೇ ಇಲ್ಲ, ಆಗ್ರಾ ಕೋಟೆಯಲ್ಲಿ ಉಳಿದುಕೊಂಡವು. ಸುಳ್ಳು ಬಯಲಾದರೂ ಅದು ಬಿತ್ತಿದ ಬೀಜ ಸಾಯಲಿಲ್ಲ. ಪ್ರಜೆಗಳಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರ ಮೇಲೆ ಸೇಡು ತೀರಿಸುವ ನ್ಯಾಯಾಧೀಶ ತಾನು ಎಂದು ಆಳುವವನು ಹೇಳಿಕೊಳ್ಳಲು ಹಳೆಯ ಕಟ್ಟಡದ ಒಂದು ಹಲಗೆ ಸಾಕೆಂಬುದು ಅಂದೇ ಸಿದ್ಧವಾಗಿತ್ತು.

ಕಾಲಕ್ರಮದಲ್ಲಿ ಈ ಕಾರ್ಯಕ್ಕೆ ಶಾಸ್ತ್ರದ ರೂಪ ಬಂದಿತು. ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣೆಯು ತನ್ನ ಮೊತ್ತಮೊದಲ ವರ್ಷದ ಕೆಲಸವನ್ನು ಆರಂಭಿಸಿದ್ದು ನಮ್ಮ ನೆಲದಲ್ಲೇ ಎಂಬುದನ್ನು ಬಹಳ ಮಂದಿ ಅರಿಯರು. 1874ರ ಜನವರಿಯಿಂದ ಮೇ ತಿಂಗಳವರೆಗೆ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ವರದಿ ಬರೆದನು. ಕಂದಾಯದ ಅಧಿಕಾರಿಯಾಗಿದ್ದ ಫ್ಲೀಟ್ ಹಳಗನ್ನಡದ ಶಾಸನಗಳನ್ನು ಓದಿ ಪ್ರಕಟಿಸಿದನು. ಈ ಭಾಗವನ್ನಾಳಿದ ರಟ್ಟರ ಚರಿತ್ರೆ ನಮಗೆ ಇಂದು ತಿಳಿದಿರುವುದರಲ್ಲಿ ಆತನ ಶ್ರಮದ ಪಾಲಿದೆ. ವಿದ್ಯೆಯ ಋಣವನ್ನು ಒಪ್ಪಿಕೊಳ್ಳುವುದು ನಮ್ಮ ಉಲಮಾಗಳು ಕಲಿಸಿದ ಅದಬು. ಅದನ್ನು ನಾವು ಬಿಡಬಾರದು.

ಆದರೆ ವಿದ್ಯೆಯ ಜೊತೆಗೆ ಒಂದು ವಿಂಗಡಣೆಯೂ ಬಂದಿತು. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ದೇಶದ ಕಟ್ಟಡಗಳನ್ನು ಬೌದ್ಧ, ಜೈನ, ಹಿಂದೂ, ಸರಾಸೆನಿಕ್ ಎಂದು ಮತಗಳ ಪ್ರಕಾರ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟನು. ಕಲ್ಲು ಕೆತ್ತಿದ ಕೈ ಯಾವುದು, ಸುಣ್ಣ ಅರೆದ ಊರು ಯಾವುದು ಎಂಬ ಪ್ರಶ್ನೆಗಳು ಹಿಂದೆ ಸರಿದವು. ಕಟ್ಟಿಸಿದವನ ಮತವೇ ಕಟ್ಟಡದ ಜಾತಿಯಾಯಿತು.

ಬಿಜಾಪುರದ ಕಟ್ಟಡಗಳೇ ಈ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ. ಅರಕಿಲ್ಲೆಯಲ್ಲಿ 1320ರ ಕರೀಮುದ್ದೀನನ ಮಸೀದಿ ಇದೆ. ಅದರ ಕಂಬಗಳು ದೇವಾಲಯದ ಕಂಬಗಳು. ಈ ಮಾತನ್ನು ಮುಚ್ಚಿಡುವುದರಿಂದ ನಮಗೆ ಯಾವ ಗೌರವವೂ ಬಾರದು. ಅದೇ ಮಸೀದಿಯ ಶಾಸನವು ಕೆಲಸ ಮಾಡಿದವನು ಸಾಲೋಟಗಿಯ ರೇವಯ್ಯ ಎಂಬುದನ್ನೂ ಹೇಳುತ್ತದೆ. ಮುಂದೆ ಬಂದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ ತನ್ನ ಕಿತಾಬೆ ನವರಸದಲ್ಲಿ ಸರಸ್ವತಿಯನ್ನು ಸ್ತುತಿಸಿ ಜಗದ್ಗುರು ಎನಿಸಿಕೊಂಡನು. ಅವನ ನಂಬಿಕೆಯ ಬಗೆಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಅವನ ಕಾಲದ ಶಿಲ್ಪವನ್ನು ಹೊರಗಿನಿಂದ ಬಂದದ್ದೆಂದು ಒಂದೇ ಮಾತಿನಲ್ಲಿ ಬರೆಯಲು ಇತಿಹಾಸ ಒಪ್ಪದು. ಒಂದೇ ನೆಲದಲ್ಲಿ ಅನ್ಯಾಯವೂ ನಡೆದಿದೆ, ಜೊತೆಗೂಡಿ ಕೆಲಸವೂ ನಡೆದಿದೆ. ಪೆಟ್ಟಿಗೆಯ ಚರಿತ್ರೆಯಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿದೆ.

ಕೊನೆಯಲ್ಲಿ ಕರ್ಜನ್ ಬಂದನು. 1900ರಲ್ಲಿ ಬಿಜಾಪುರಕ್ಕೆ ಭೇಟಿಯಿತ್ತ ವೈಸರಾಯನು ಮಸೀದಿಗಳಲ್ಲಿದ್ದ ಅಂಚೆ ಕಚೇರಿಯನ್ನೂ ಬಂಗಲೆಯನ್ನೂ ತೆರವುಗೊಳಿಸಿದನು. 1904ರಲ್ಲಿ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯನ್ನು ತಂದನು. ಸರಕಾರ ನೋಡಿಕೊಳ್ಳುವ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಪ್ಪದ ಕೆಲಸಕ್ಕೆ ಬಳಸಬಾರದೆಂಬ ನಿಯಮ ಆ ಕಾಯ್ದೆಯಲ್ಲಿತ್ತು. ಇದು ಒಳ್ಳೆಯ ನಿಯಮ. ಗುಮ್ಮಟಗಳು ಇಂದು ನಿಂತಿರುವುದರಲ್ಲಿ ಈ ಕಾಯ್ದೆಯಿಂದ ಬೆಳೆದ ಇಲಾಖೆಯ ಪಾತ್ರ ದೊಡ್ಡದು. 1936–37ರಲ್ಲಿ ಗೋಲಗುಮ್ಮಟದ ಹೊರಮೈಗೆ ಉಕ್ಕಿನ ಜಾಲರಿಯ ಮೇಲೆ ಸಿಮೆಂಟಿನ ಪದರ ಕೊಟ್ಟು ಭದ್ರಪಡಿಸಿದವರೂ ಅವರೇ.

ಆದರೆ ಮಸೀದಿಯನ್ನು ಬಿಡಿಸಿಕೊಟ್ಟ ಅದೇ ಕರ್ಜನ್ 1905ರಲ್ಲಿ ಬಂಗಾಳವನ್ನು ಒಡೆದನು. ಎರಡೂ ಕೆಲಸಗಳ ಹಿಂದೆ ಇದ್ದ ಮನೋಭಾವ ಒಂದೇ. ನಿಮಗೆ ಯಾವುದು ಹಿತವೆಂಬುದನ್ನು ನಿಮಗಿಂತ ನಾವೇ ಚೆನ್ನಾಗಿ ಬಲ್ಲೆವು, ನಿಮ್ಮ ಪೂರ್ವಿಕರು ದೊಡ್ಡವರು, ನೀವಾದರೋ ಅವರ ಸೊತ್ತನ್ನು ಕಾಯಲಾರದ ಮಕ್ಕಳು ಎಂಬ ಭಾವ ಅದು. 150 ರೂಪಾಯಿಗೆ ತೋಪನ್ನು ಹರಾಜಿಗಿಟ್ಟವರು, ಮಸೀದಿಯಲ್ಲಿ ಟಪಾಲು ಹಂಚಿದವರು ಯಾರೆಂಬುದು ಈ ಕಥೆಯಲ್ಲಿ ಮರೆಯಾಯಿತು. ಕಾವಲುಗಾರನೇ ಕಥೆಗಾರನೂ ಆದಾಗ ಹೀಗೆಯೇ ಆಗುತ್ತದೆ.

ಆ ಕಾಲದಲ್ಲಿ ನಮ್ಮವರು ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ಅಭಿಮಾನದಿಂದ ನೆನೆಯಬಹುದು. ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳ ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ್ದು 1916ರಲ್ಲಿ. ಅದೇ ದಿನಗಳಲ್ಲಿ, ಡೆಪ್ಯುಟಿ ನಜೀರ್ ಅಹ್ಮದರ ಮಗನಾದ ಬಶೀರುದ್ದೀನ್ ಅಹ್ಮದ್ ಉರ್ದುವಿನಲ್ಲಿ ಮೂರು ಸಂಪುಟಗಳ ವಾಕಿಆತೆ ಮಮ್ಲಿಕತೆ ಬಿಜಾಪುರವನ್ನು ಬರೆದರು. 1936ರಲ್ಲಿ ಮುಹಮ್ಮದ್ ನಾಜಿಮ್ ಬಿಜಾಪುರದ ಶಾಸನಗಳನ್ನು ಓದಿ ಇಲಾಖೆಯ ಮೂಲಕವೇ ಪ್ರಕಟಿಸಿದರು. ಇಲಾಖೆಯನ್ನು ಬೈಯುತ್ತ ಹೊರಗೆ ನಿಲ್ಲದೆ ಅದರೊಳಗೆ ಹೋಗಿ ಕೆಲಸ ಮಾಡಿದವರು ಅವರು. ಇಂದು ನಮ್ಮ ಮನೆಗಳಲ್ಲಿ ಆ ಗ್ರಂಥಗಳನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರೆ?

ಈಗ ವರ್ತಮಾನಕ್ಕೆ ಬರೋಣ. 1904ರ ಪಟ್ಟಿಗಳು ಮುಂದೆ 1958ರ ಕಾಯ್ದೆಯೊಳಗೆ ಸೇರಿದವು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು, ಈ ಎರಡು ಕಾಯ್ದೆಗಳ ಅಡಿಯಲ್ಲಿ ಸಂರಕ್ಷಿತವಾಗಿದ್ದ ಸ್ಥಳವನ್ನು ವಕ್ಫ್ ಎಂದು ಘೋಷಿಸಿದ್ದರೆ ಆ ಘೋಷಣೆ ಅಸಿಂಧು ಎಂದು ಹೇಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಆ ಕಾಯ್ದೆಯ ಕೆಲವು ಅಂಶಗಳಿಗೆ ತಡೆ ನೀಡಿದ ಸುಪ್ರೀಂ ಕೋರ್ಟು ಈ ಅಂಶಕ್ಕೆ ತಡೆ ನೀಡಲಿಲ್ಲ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ 1958ರ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ನಿಜ. ಆದರೂ ದಾನಿಯೊಬ್ಬನು ಅಲ್ಲಾಹನ ಹೆಸರಿನಲ್ಲಿ ಬಿಟ್ಟುಕೊಟ್ಟ ಕಟ್ಟಡದ ಒಡೆತನದ ಪ್ರಶ್ನೆಯು ಇಂಗ್ಲಿಷ್ ಗುಮಾಸ್ತನು ತಯಾರಿಸಿದ ಪಟ್ಟಿಯ ಮೇಲೆ ನಿಲ್ಲುವುದು ನ್ಯಾಯವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಪರಕೀಯರ ಆಳ್ವಿಕೆಯ ಗುರುತುಗಳನ್ನೆಲ್ಲ ಅಳಿಸುವೆವೆನ್ನುವವರು ಅವರ ಪಟ್ಟಿಯನ್ನು ಮಾತ್ರ ಜತನದಿಂದ ಕಾಯುವುದು ಸೋಜಿಗ.

ಆದರೆ ಸರಕಾರವನ್ನು ಪ್ರಶ್ನಿಸಿ ಸಂಪಾದಕೀಯವನ್ನು ಇಲ್ಲಿಗೇ ಮುಗಿಸಿದರೆ ಅದು ಅರ್ಧ ಸತ್ಯವಾದೀತು. ಯಾವ ಪಟ್ಟಿಯಲ್ಲೂ ಇಲ್ಲದ, ನಮ್ಮ ಕೈಯಲ್ಲೇ ಇರುವ ಕಟ್ಟಡಗಳನ್ನು ನಾವು ಹೇಗೆ ನೋಡಿಕೊಂಡಿದ್ದೇವೆ?

ನಮ್ಮ ಭಾಗ ಚರಿತ್ರೆಯಿಲ್ಲದ ನೆಲವಲ್ಲ. ಅಥಣಿ ಬಿಜಾಪುರದಿಂದ ಪಶ್ಚಿಮ ತೀರಕ್ಕೆ ಹೋಗುವ ದಾರಿಯ ಪೇಟೆಯಾಗಿತ್ತು. ರಾಯಬಾಗದ ಹೆಸರು 17ನೆಯ ಶತಮಾನದ ಇಂಗ್ಲಿಷ್ ವರ್ತಕರ ಕಾಗದಗಳಲ್ಲಿದೆ. ಚಿಕ್ಕೋಡಿಯ ನೆರೆಯ ಹುಕ್ಕೇರಿಯಲ್ಲಿ ಆದಿಲ್ ಶಾಹಿ ಕಾಲದ ಗುಮ್ಮಟಗಳು ನಿಂತಿವೆ. ಈ ಸೀಮೆಯ ಊರೊಂದರಲ್ಲಿ ನಾವು ಕಣ್ಣಾರೆ ಕಂಡುದನ್ನು ಹೇಳುತ್ತೇವೆ. ಹಳೆಯ ಮಸೀದಿಯ ಬಾಗಿಲ ಮೇಲೆ ಫಾರಸಿ ಬರಹದ ಕಲ್ಲೊಂದು ಇತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಅದರ ಮೇಲೆ ಹಸಿರು ಆಯಿಲ್ ಪೇಂಟನ್ನು ದಪ್ಪಗೆ ಬಳಿದಿದ್ದರು. ಕಟ್ಟಿಸಿದವನ ಹೆಸರು, ಹಿಜರಿ ವರ್ಷ, ಬಿಟ್ಟ ಭೂಮಿಯ ವಿವರ ಎಲ್ಲವೂ ಅದರ ಕೆಳಗೆ ಮುಚ್ಚಿಹೋಗಿರಬಹುದು. ಕೇಳಿದರೆ, “ಹಳೆಯದು ಬಹಳ ಮಂಕಾಗಿತ್ತು, ಈಗ ಹೊಳೆಯುತ್ತದೆ” ಎಂಬ ಉತ್ತರ ದೊರೆಯಿತು. ನಾಳೆ ಅಧಿಕಾರಿಯೊಬ್ಬರು ದಾಖಲೆ ಕೇಳಿದಾಗ ಆ ಜಮಾಅತು ಏನನ್ನು ತೋರಿಸುವುದು? ಹೊಳೆಯುವ ಬಣ್ಣವನ್ನೇ?

ಗೋರಿಯ ವೈಭವವು ದೀನಿನ ಅಂಗವಲ್ಲ ಎಂದು ನಾವು ಈ ಪುಟಗಳಲ್ಲಿ ಅನೇಕ ಬಾರಿ ಬರೆದಿದ್ದೇವೆ. ಆ ಮಾತಿಗೆ ಇಂದೂ ಬದ್ಧರು. ಆದರೆ ಕಲ್ಲಿಗೆ ಮೊರೆಯಿಡುವುದು ಬೇರೆ, ಕಲ್ಲಿನ ಸಾಕ್ಷ್ಯವನ್ನು ಕಾಪಾಡುವುದು ಬೇರೆ. ಹಿರಿಯರು ಒಪ್ಪಿಸಿ ಹೋದದ್ದು ಅಮಾನತು. ಅಮಾನತಿನಲ್ಲಿ ಅಲಕ್ಷ್ಯ ಸಲ್ಲದು.

ಆದ್ದರಿಂದ ನಮ್ಮ ಜಮಾಅತುಗಳ, ಮುತವಲ್ಲಿಗಳ ಮುಂದೆ ಕೆಲವು ಮಾತುಗಳನ್ನು ಇಡುತ್ತೇವೆ. ಯಾವ ಮಸೀದಿ, ದರ್ಗಾ, ಕಬರಸ್ತಾನದಲ್ಲಿ ಬರಹದ ಕಲ್ಲಿದ್ದರೂ ಅದಕ್ಕೆ ಬಣ್ಣ ಬಳಿಯಬೇಡಿರಿ. ಹಗಲಿನ ಓರೆ ಬೆಳಕಿನಲ್ಲಿ ಫೋಟೋ ತೆಗೆಸಿರಿ, ಫಾರಸಿ ಬಲ್ಲ ಆಲಿಮರಿಂದ ಓದಿಸಿ ಜಮಾಅತಿನ ಪುಸ್ತಕದಲ್ಲಿ ಬರೆಯಿರಿ. ಮದ್ರಸಾದಲ್ಲಿ ಕಲಿತ ಭಾಷೆ ಇದಕ್ಕಲ್ಲದೆ ಇನ್ನೇತಕ್ಕೆ? ಹಳೆಯ ಕಟ್ಟಡವನ್ನು ಕೆಡವುವ ತೀರ್ಮಾನಕ್ಕೆ ಮುನ್ನ ಬಲ್ಲವರನ್ನು ಕೇಳಿರಿ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ, ಉಪ್ಪು ಒಡೆದು ಕಲ್ಲೇ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಸುಣ್ಣದ ದುರಸ್ತಿ ನಿಧಾನವಾದರೂ ಬಾಳಿಕೆಯದು.

ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಸನದುಗಳನ್ನೂ ಇನಾಮು ಕಾಗದಗಳನ್ನೂ ಹೊರತೆಗೆಯಿರಿ. ನಮ್ಮ ಸೀಮೆಯಲ್ಲಿ ಅವು ಫಾರಸಿಯಲ್ಲಿರಬಹುದು, ಮೋಡಿ ಲಿಪಿಯಲ್ಲೂ ಇರಬಹುದು. ಮೋಡಿ ಓದಬಲ್ಲ ವೃದ್ಧರು ಊರಿಗೊಬ್ಬರಂತೆ ಉಳಿದಿದ್ದಾರೆ. ಅವರು ಯಾವ ಮತದವರಾದರೂ ಸರಿ, ಅವರ ಬಳಿ ಹೋಗಿರಿ. ಈ ಕೆಲಸದಲ್ಲಿ ನೆರೆಯವರನ್ನು ಜೊತೆಗೂಡಿಸಿಕೊಳ್ಳಿರಿ. ಕಾಗವಾಡ, ರಾಯಬಾಗಗಳಲ್ಲಿ ಹಳೆಯ ಬಸದಿಗಳಿವೆ. ಕೃಷ್ಣೆಯಾಚೆ ಖಿದ್ರಾಪುರದಲ್ಲಿ ಕೋಪೇಶ್ವರನ ದೇಗುಲವಿದೆ. ನಮ್ಮ ಮಕ್ಕಳು ಅವನ್ನೂ ನೋಡಲಿ, ಅವರ ಮಕ್ಕಳು ಹುಕ್ಕೇರಿಯ ಗುಮ್ಮಟಗಳನ್ನು ನೋಡಲಿ. ಫರ್ಗುಸನ್ನನ ಪೆಟ್ಟಿಗೆಗಳನ್ನು ಒಡೆಯಲು ಇದಕ್ಕಿಂತ ಸುಲಭವಾದ ದಾರಿ ನಮಗೆ ಕಾಣದು.

ಬರುವ ಚಳಿಗಾಲದಲ್ಲಿ ಪ್ರವಾಸದ ಬಸ್ಸುಗಳು ಮತ್ತೆ ಹೊರಡುತ್ತವೆ. ಗುಮ್ಮಟದಲ್ಲಿ ಮಕ್ಕಳು ಕೂಗಲಿ, ಆನಂದಪಡಲಿ. ಕೆಳಗಿಳಿದ ಮೇಲೆ ಆ ಫಲಕದ ಮುಂದೆ ಐದು ನಿಮಿಷ ಅವರನ್ನು ನಿಲ್ಲಿಸಿರಿ. ತೋಪಿನ ಹರಾಜನ್ನು, ಲಂಡನ್ನಿಗೆ ಹೋದ ಹಸ್ತಪ್ರತಿಗಳನ್ನು, ಬುಖಾರಾ ಮಸೀದಿಯ ಅಂಚೆ ಕಚೇರಿಯನ್ನು, ಸಾಲೋಟಗಿಯ ರೇವಯ್ಯನನ್ನು ಅವರಿಗೆ ಪರಿಚಯಿಸಿರಿ. ಊರಿಗೆ ಮರಳಿದ ಬಳಿಕ ತಮ್ಮ ಓಣಿಯ ಮಸೀದಿಯ ಬಾಗಿಲ ಮೇಲೇನು ಬರೆದಿದೆ ಎಂದು ಒಂದು ಮಗುವಾದರೂ ಕೇಳಿದರೆ ಆ ಪ್ರವಾಸ ಸಾರ್ಥಕ. ಆ ಮಗುವಿಗೆ ಉತ್ತರ ಕೊಡುವಷ್ಟು ನಾವು ಸಿದ್ಧರಾಗಿರಬೇಕು, ಅಷ್ಟೇ.